ಬೀಗ ಬಿದ್ದ ಮನೆಗೆ ರಂಗೋಲಿ

"ಪಕ್ಕದ ಮನೆ ಯಾರದಮ್ಮ?" ಅಂತ ಆಶಾ ಕಾರ್ಯಕರ್ತೆ ಕೇಳಿದಾಗ ಪಾಪಮ್ಮ ಆ ಗೇಟಿನ ಕಡೆ ತಿರುಗಿ ನೋಡಿದಳು.

ಹೊಸಹಳ್ಳಿಯ ಆ ಅಡ್ಡರಸ್ತೆಯಲ್ಲಿ ಯಾವ ಮನೆಗೆ ಯಾವ ಊರಿನ ಸೊಸೆ ಬಂದಳು, ಯಾವ ಮನೆಯ ಬೋರ್‌ವೆಲ್ ಯಾವ ಬೇಸಿಗೆಯಲ್ಲಿ ಬತ್ತಿತು, ಎಲ್ಲವನ್ನೂ ನಿದ್ದೆಗಣ್ಣಲ್ಲೇ ಹೇಳುವ ಹೆಂಗಸು ಅವಳು. ಆದರೆ ಈ ಒಂದು ಮನೆಯ ವಿಚಾರಕ್ಕೆ ಏನಂತ ಹೇಳುವುದು? ನಾಗೇಂದ್ರನದು ಎನ್ನೋಣವೆಂದರೆ ಅವನು ಬಿಟ್ಟುಹೋಗಿದ್ದ. ಬ್ಯಾಂಕಿನದು ಎನ್ನೋಣವೆಂದರೆ ಬ್ಯಾಂಕಿನವರು ಬೀಗ ಹಾಕಿದ ದಿನ ಬಿಟ್ಟರೆ ಮತ್ತೆ ಮುಖ ತೋರಿಸಿರಲಿಲ್ಲ. ಯಾರದೂ ಅಲ್ಲ ಎನ್ನೋಣವೆಂದರೆ, ಆ ಬಾಗಿಲಿಗೆ ಅವತ್ತು ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಟ್ಟವಳು ಪಾಪಮ್ಮನೇ.

ಆಶಾ ಕಾರ್ಯಕರ್ತೆ ಬಂದದ್ದಕ್ಕೆ ಕಾರಣವಿತ್ತು. ಪಾಪಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಚೇತನಾಳ ಮಗಳು ಇಂಚರ ಡೆಂಗಿ ಜ್ವರದಲ್ಲಿ ಆಸ್ಪತ್ರೆ ಸೇರಿದ್ದಳು. ಇನ್ನೂ ಎಲ್‌ಕೆಜಿಯ ಮಗು. ಬೆಳಗಾದರೆ ಮೆಟ್ಟಿಲಿಳಿದು ಬಂದು "ಅಜ್ಜಿ, ಇವತ್ತು ನವಿಲೋ ತಾವರೆಯೋ?" ಅಂತ ರಂಗೋಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ ಮಗು. ಈಗ ಅದರ ಕೈಗೆ ಡ್ರಿಪ್ ಹಾಕಿದ್ದರು. ಪ್ಲೇಟ್‌ಲೆಟ್ ಇಳಿಯುತ್ತಿದೆ ಅಂತ ಚೇತನಾಳ ಗಂಡ ಶಿವಯೋಗಿ ಫೋನಿನಲ್ಲಿ ಹೇಳಿದಾಗಿನಿಂದ ಪಾಪಮ್ಮ ಸರಿಯಾಗಿ ಊಟ ಮಾಡಿರಲಿಲ್ಲ.

"ಸುತ್ತಮುತ್ತ ಎಲ್ಲ ಮನೆ ನೀರೂ ನೋಡ್ಬೇಕು," ಅಂದಳು ಆಶಾ ಕಾರ್ಯಕರ್ತೆ. "ಈ ಪಕ್ಕದ ಮನೆಯವರು ಮಾತ್ರ ಯಾವಾಗ ಬಂದ್ರೂ ಸಿಗಲ್ಲ. ಬೆಳಿಗ್ಗೆ ರಂಗೋಲಿ ಹಾಕಿ ಗಂಡ ಹೆಂಡ್ತಿ ಇಬ್ರೂ ಕೆಲ್ಸಕ್ಕೆ ಹೋಗ್ಬಿಡ್ತಾರೇನೋ. ಗೋಡೆ ಮೇಲೆ ಬರ್ದೂ ಹೋಗಿದೀನಿ, ನೋಡಿ."

ನೋಡಿದರೆ ಕಾಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ಅದರ ಕೆಳಗೆ 'ಮನೆಯಲ್ಲಿಲ್ಲ' ಅಂತ ಬರೆದಿತ್ತು. ಪಕ್ಕದಲ್ಲಿ ಇನ್ನೊಂದು ಹಳೆಯ ತಾರೀಖು, ಅದಕ್ಕೂ 'ಮನೆಯಲ್ಲಿಲ್ಲ'.

"ಅದು... ಆ ರಂಗೋಲಿ ಹಾಕೋದು ನಾನು," ಅಂದಳು ಪಾಪಮ್ಮ.

"ನೀವಾ? ಅವರ ಮನೆಗೆ ನೀವ್ಯಾಕೆ ಹಾಕ್ತೀರಿ?"

"ಬಾಗಿಲು ಬೋಳಾಗಿರುತ್ತಲ್ಲಮ್ಮ."

ಆ ಹೆಣ್ಣುಮಗಳು ಪಾಪಮ್ಮನ ಮುಖ ನೋಡಿದಳು, ರಂಗೋಲಿ ನೋಡಿದಳು. ಪಾಪಮ್ಮನೂ ತಾನು ಹೇಳಿದ್ದು ಸರಿಯೋ ತಪ್ಪೋ ತಿಳಿಯದೆ ಸೆರಗಿನಿಂದ ಸುಮ್ಮನೆ ಕೈ ಒರೆಸಿಕೊಂಡಳು.

ಪಾಪಮ್ಮ ಹುಟ್ಟಿದ್ದು ಕೆಂಗೇರಿಯ ಆಚೆ. ಮದುವೆಯಾಗಿ ಹೊಸಹಳ್ಳಿಗೆ ಬಂದಾಗ ಮನೆಯ ಹಿಂದೆ ಇನ್ನೂ ದಂಟು, ಕೊತ್ತಂಬರಿಯ ಮಡಿಗಳಿದ್ದವು. ಗಂಡ ಮುನಿರಾಜು ಬಿನ್ನಿಮಿಲ್ಲಿನಲ್ಲಿ ಕೆಲಸಕ್ಕಿದ್ದ. ಸೊಪ್ಪಿನ ಮಡಿ ಹೋಗಿ ಸೈಟಾಯಿತು, ಸೈಟಿನ ಮೇಲೆ ಮನೆ, ಮನೆಯ ಮೇಲೆ ಬಾಡಿಗೆ ಮನೆ. ಮಿಲ್ಲು ನಿಂತಿತು. ಮುನಿರಾಜು ಸ್ವಲ್ಪ ಕಾಲ ಹಿಟ್ಟಿನ ಗಿರಣಿ ನಡೆಸಿ, ಮಂಡಿ ನೋವು ಬಂದ ಮೇಲೆ ಅದನ್ನೂ ಬಿಟ್ಟು ಜಗುಲಿ ಹಿಡಿದ. ರಸ್ತೆಯ ಕೊನೆಯಲ್ಲಿ ನಿಂತರೆ ಮೆಟ್ರೊ ಹೋಗುವುದು ಕಾಣತೊಡಗಿತು. ಇಷ್ಟೆಲ್ಲದರ ನಡುವೆ ಪಾಪಮ್ಮ ತಪ್ಪಿಸದೇ ನಡೆಸಿಕೊಂಡು ಬಂದದ್ದು ಬೆಳಗಿನ ಬಾಗಿಲು. ಗುಡಿಸು, ನೀರು ಹಾಕು, ಎಳೆ ಬಿಡು. ಅತ್ತೆ ಹೇಳಿಕೊಟ್ಟಿದ್ದಳು: "ಸಾವಾದ ಮನೆ ಮುಂದೆ ಮಾತ್ರ ರಂಗೋಲಿ ಇರಲ್ಲ ಕಣೇ. ನೀರು ಬೀಳದ ಬಾಗಿಲು ಕಂಡ್ರೆ ಯಮ ಇದೇ ಮನೆ ಅನ್ಕೊಂಡು ಬರ್ತಾನೆ." ಆ ಅತ್ತೆಯೇ ತೀರಿಕೊಂಡಾಗ ಸೂತಕದ ದಿನಗಳಲ್ಲಿ ಬೋಳು ಬಾಗಿಲನ್ನು ನೋಡಲಾಗದೆ ಪಾಪಮ್ಮ ಹಿತ್ತಿಲ ಕಡೆಯಿಂದಲೇ ಓಡಾಡಿದ್ದಳು.

ಪಕ್ಕದ ನಾಗೇಂದ್ರನಿಗೆ ಕಬ್ಬಿಣದ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪ್ ಇತ್ತು. ಅದಕ್ಕಾಗಿ ಮನೆ ಅಡ ಇಟ್ಟಿದ್ದನಂತೆ. ಅದರ ಒಳಗುಟ್ಟು ಪಾಪಮ್ಮನಿಗೆ ತಿಳಿಯದು, ಅವಳು ಕೇಳಲೂ ಇಲ್ಲ. ಒಂದು ಮಧ್ಯಾಹ್ನ ಟೆಂಪೊ ಬಂತು. ನಾಗೇಂದ್ರನ ಹೆಂಡತಿ ಕವನಾ ತಲೆ ತಗ್ಗಿಸಿಕೊಂಡೇ ಹತ್ತಿದಳು. ಆಮೇಲೆ ಪೊಲೀಸರು, ಒಬ್ಬ ವಕೀಲ, ಬ್ಯಾಂಕಿನ ಇಬ್ಬರು ಬಂದು ಗೇಟಿಗೆ ಬೀಗ ಜಡಿದು, ಬಟ್ಟೆ ಸುತ್ತಿ ಅರಗಿನ ಸೀಲ್ ಹಾಕಿ, ಕಂಬಕ್ಕೆ ನೋಟಿಸು ಅಂಟಿಸಿ ಹೋದರು. ಮಾರನೆಯ ದಿನ ತನ್ನ ಬಾಗಿಲಿಗೆ ನೀರು ಹಾಕುತ್ತಿದ್ದ ಪಾಪಮ್ಮನಿಗೆ ಪಕ್ಕಕ್ಕೆ ಕಣ್ಣು ಹೋಯಿತು. ಕೈಯಲ್ಲಿ ಅರ್ಧ ಬಕೆಟ್ ನೀರು ಉಳಿದಿತ್ತು, ಅಲ್ಲಿಗೂ ಚಿಮುಕಿಸಿದಳು. ಚಿಕ್ಕದೊಂದು ನಕ್ಷತ್ರ ಬಿಟ್ಟಳು. ಹಾಗೆ ಶುರುವಾದದ್ದು.

ಆದರೆ ನಕ್ಷತ್ರವೊಂದೇ ಕಸವನ್ನು ತಡೆಯಲಿಲ್ಲ. ಯಾರೋ ಸ್ಕೂಟರಿನಲ್ಲಿ ಹೋಗುತ್ತಾ ಒಂದು ಕವರ್ ಎಸೆದರು. ಕವರ್ ಬಿದ್ದ ಕಡೆಗೇ ಕವರ್ ಬೀಳುವುದು ಬೆಂಗಳೂರಿನ ಪದ್ಧತಿ. ನಾಯಿಗಳು ಬಂದವು. ಸಂಜೆಯ ಹೊತ್ತು ಬಾಟಲಿ ಹಿಡಿದವರು ಗೇಟಿಗೆ ಬೆನ್ನು ಕೊಟ್ಟು ಕೂತರು. ಎದುರು ಮನೆಯ ಮೋಹನ್ ಕುಮಾರ್‌ಗೆ ಇದು ತಡೆಯಲಾಗಲಿಲ್ಲ. ಅವರು ವಿಮಾ ಕಚೇರಿಯಿಂದ ನಿವೃತ್ತರಾದವರು, ರಸ್ತೆಯ ವಾಟ್ಸಾಪ್ ಗುಂಪಿನ ಯಜಮಾನರು. ಮೇಲಾಗಿ ಅವರ ಮಗಳು ಸ್ಪಂದನಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

"ನೋಡಿ ಪಾಪಮ್ಮನವರೇ," ಅಂತ ಜಗುಲಿಗೆ ಬಂದು ಕೂತರು, "ಖಾಲಿ ಮನೆ ಖಾಲಿ ಅಂತ ಕಾಣಬಾರ್ದು. ಕಂಡ್ರೆ ಕಸ ಬರುತ್ತೆ. ಕಸ ಬಂದ್ರೆ ಕುಡುಕರು ಬರ್ತಾರೆ. ಕುಡುಕರು ಬಂದ್ರೆ..."

"ನಿಮ್ಮ ಬೀಗರು ಬರಲ್ಲ," ಅಂತ ಮುನಿರಾಜು ಮಾತು ಮುಗಿಸಿದ.

"ತಮಾಷೆ ಬೇಡ ಮುನಿರಾಜು. ಇದು ಇಡೀ ರಸ್ತೆಯ ಮರ್ಯಾದೆ ಪ್ರಶ್ನೆ."

ಹೀಗೆ ಏರ್ಪಾಡಾಯಿತು. ಮೋಹನ್ ಕುಮಾರ್ ತಮ್ಮ ಓಡದ ಸ್ಕೂಟರನ್ನು ತಳ್ಳಿಕೊಂಡು ಬಂದು, ಅರಗಿನ ಸೀಲ್ ಮರೆಯಾಗುವಂತೆ ಆ ಗೇಟಿನ ಮುಂದೆ ನಿಲ್ಲಿಸಿದರು. ನೋಟಿಸು ಕಾಣದಂತೆ ಕಂಬಕ್ಕೆ ಅಡ್ಡವಾಗಿ ಕ್ರೋಟನ್ ಕುಂಡಗಳನ್ನು ಒಂದರ ಮೇಲೊಂದು ಜೋಡಿಸಿದರು. ಪಾಪಮ್ಮ ನಕ್ಷತ್ರದ ಬದಲು ದೊಡ್ಡ ರಂಗೋಲಿಗೇ ಕೈ ಹಾಕಿದಳು, ಹಬ್ಬದ ದಿನ ಗೇಟಿಗೆ ಮಾವಿನ ಸೊಪ್ಪು ಕಟ್ಟಿದಳು. ಕಸ ನಿಂತೇ ಹೋಯಿತು. ತರಕಾರಿ ಗಾಡಿಯವನು ಆ ಮನೆಯ ಮುಂದೆಯೂ ನಿಂತು "ಟೊಮೇಟೊ ಅಕ್ಕಾ" ಎಂದು ಕೂಗುವಂತಾಯಿತು. ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, "ರಸ್ತೆ ಬಹಳ ಶಾಂತವಾಗಿದೆ" ಅಂದು ಹೋದರು. ಪಾಪಮ್ಮನಿಗೆ ಒಳಗೊಳಗೇ ಹೆಮ್ಮೆ. ಕವನಾ ನಾಳೆ ಬಂದರೂ ಬಾಗಿಲು ಬಾಗಿಲಿನಂತೆಯೇ ಇದೆಯಲ್ಲ ಎಂದು.

ಈಗ ಆಶಾ ಕಾರ್ಯಕರ್ತೆಯ ಜೊತೆ ಮಹಡಿಯ ಮೆಟ್ಟಿಲು ಹತ್ತಿ, ತಿರುವಿನಲ್ಲಿ ನಿಂತು ಆ ಅಂಗಳಕ್ಕೆ ಬಗ್ಗಿ ನೋಡಿದಾಗ ಆ ಹೆಮ್ಮೆ ಎಲ್ಲಿ ಹೋಯಿತೋ. ಕಾಂಪೌಂಡಿಗೆ ಅಂಟಿಕೊಂಡಂತೆ ನಾಗೇಂದ್ರನ ಸಂಪು. ಅದರ ತಗಡಿನ ಮುಚ್ಚಳ ತುಕ್ಕು ಹಿಡಿದು ಅರ್ಧ ಒಳಗೆ ಕುಸಿದಿತ್ತು. ಕಾವೇರಿ ನೀರಿನ ಸಂಪರ್ಕ ಯಾರೂ ಕಿತ್ತಿರಲಿಲ್ಲ. ನೀರು ಬಿಟ್ಟಾಗೆಲ್ಲ ತುಂಬಿ, ಮೇಲೆ ಮಳೆಯ ನೀರೂ ಸೇರಿ, ಸಂಪು ಬಾಯಿಮಟ್ಟ ನಿಂತಿತ್ತು. ಅದರ ಮೇಲೆ ಸೊಳ್ಳೆ ಹೊಗೆಯಂತೆ ಆಡುತ್ತಿತ್ತು. ಆ ತಿರುವಿನಲ್ಲೇ ಇಂಚರಳ ಆಟದ ಅಡಿಗೆ ಸಾಮಾನು ಹರಡಿಕೊಂಡಿತ್ತು.

"ಮನೆ ಖಾಲಿ ಅಂತ ಮೊದ್ಲೇ ಗೊತ್ತಿದ್ರೆ ಆಫೀಸಿಗೆ ಬರೀತಿದ್ವಮ್ಮ," ಅಂದಳು ಆಶಾ ಕಾರ್ಯಕರ್ತೆ. ಬೈಯುವ ದನಿಯಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು ಪಾಪಮ್ಮನಿಗೆ.

ತಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ? ಯಮ ಬರದಿರಲಿ ಅಂತ ಬಿಟ್ಟ ಎಳೆ, ಸೊಳ್ಳೆಗೆ ಔಷಧಿ ಹಾಕುವವರನ್ನೂ ವಾಪಸ್ ಕಳಿಸಿತ್ತು.

ಅವತ್ತು ಮಧ್ಯಾಹ್ನ ಜಗುಲಿಯಲ್ಲಿ ದೊಡ್ಡ ಗಲಾಟೆ. ಕುಂಡ ಸರಿಸಿ ನೋಟಿಸಿನಲ್ಲಿದ್ದ ನಂಬರಿಗೆ ಮೋಹನ್ ಕುಮಾರ್ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ನಮಸ್ಕಾರ, ಯಾವ ಲೋನ್ ಬಗ್ಗೆ ಮಾಹಿತಿ ಬೇಕು ಸಾರ್?" ಅಂತು ಒಂದು ಹೆಣ್ಣು ದನಿ.

"ಲೋನ್ ಬೇಡ ಕಣಮ್ಮ, ಸೊಳ್ಳೆ," ಅಂದಳು ಪಾಪಮ್ಮ ಫೋನಿನ ಹತ್ತಿರ ಬಾಗಿ.

"ಲೋನ್ ಅಕೌಂಟ್ ನಂಬರ್ ಹೇಳ್ತೀರಾ ಮೇಡಂ?"

"ಸೊಳ್ಳೆಗೆ ಎಲ್ಲಿಂದ ಬರುತ್ತೆ ಅಕೌಂಟು?" ಅಂದ ಮುನಿರಾಜು.

ಕಾರ್ಪೊರೇಷನ್ನಿಗೆ ಮಾಡಿದರು. ಖಾಸಗಿ ಜಾಗ, ಮಾಲೀಕರ ಒಪ್ಪಿಗೆ ಬೇಕು ಅಂದರು. ಮಾಲೀಕ ನಾಗೇಂದ್ರನಿಗೆ ಮಾಡಿದರೆ ಸ್ವಿಚ್ ಆಫ್. "ಕವನಾಗೆ ಮಾಡಿ" ಅಂದರೆ ಅವಳ ನಂಬರು ಯಾರ ಹತ್ತಿರವೂ ಇರಲಿಲ್ಲ. ಇಷ್ಟು ವರ್ಷ ಗೋಡೆಯ ಮೇಲಿಂದಲೇ ಕರೆದು ಮಾತಾಡಿದವರಿಗೆ ನಂಬರು ಯಾತಕ್ಕೆ?

"ನಡೀರಿ ಅತ್ಲಾಗೆ, ಗೋಡೆ ಹಾರಿ ಔಷಧಿ ಸುರಿದು ಬಂದ್ರಾಯ್ತು," ಅಂದ ಮುನಿರಾಜು.

"ಮೊದ್ಲು ಮೆಟ್ಲು ಹತ್ತಿ ತೋರ್ಸಿ ನೀವು," ಅಂದಳು ಹೆಂಡತಿ.

"ಹಾರಂಗಿಲ್ಲ!" ಮೋಹನ್ ಕುಮಾರ್ ಕೈ ಅಡ್ಡ ಹಿಡಿದರು. "ಸೀಲ್ ಮಾಡಿದ ಆಸ್ತಿ. ಒಳಗೆ ಕಾಲಿಟ್ರೆ ಕೇಸ್."

ಹಾಗಾದರೆ ಮಾಡುವುದೇನು? ಕೊನೆಗೆ ಸ್ಪಂದನಳೇ ಬ್ಯಾಂಕಿಗೆ ಮೇಲಿಂದ ಮೇಲೆ ಇ-ಮೇಲ್ ಕಳಿಸಿ, ಮಗುವಿನ ಡೆಂಗಿ ರಿಪೋರ್ಟನ್ನೂ ಜೊತೆಗಿಟ್ಟ ಮೇಲೆ ಬ್ಯಾಂಕಿನ ಕಡೆಯಿಂದ ಒಬ್ಬ ಬರುವುದಾಗಿ ಉತ್ತರ ಬಂತು.

ಮರುದಿನ ಬಂದವನು ಸಂಪತ್. ಇನ್ನೂ ಚಿಕ್ಕ ವಯಸ್ಸು, ತೋಳಿಗೆ ಹೆಲ್ಮೆಟ್, ಮುಖದಲ್ಲಿ ಊಟ ತಪ್ಪಿಸಿಕೊಂಡವರ ಸುಸ್ತು. ಗೇಟಿನ ಮುಂದೆ ನಿಂತು ಸ್ಕೂಟರು ನೋಡಿದ, ಕುಂಡ ನೋಡಿದ, ನೆಲದ ಮೇಲಿನ ತಾವರೆ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಒಳಗೆ ಯಾರಿದಾರೆ?"

"ಯಾರೂ ಇಲ್ಲಪ್ಪ."

"ಹಂಗಾದ್ರೆ ಇದೆಲ್ಲ ಯಾರು ಮಾಡಿದ್ದು?"

ಪಾಪಮ್ಮ ಹೇಳಿದಳು. ಅವನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ಅಮ್ಮಾ, ನಮ್ಮ ಹುಡುಗ ಒಬ್ಬ ಬಂದು ರಸ್ತೆಯಿಂದ್ಲೇ ನೋಡ್ಕೊಂಡು ಹೋಗಿ ಏನ್ ರಿಪೋರ್ಟ್ ಕೊಟ್ಟಿದಾನೆ ಗೊತ್ತಾ? 'ಸಾಲಗಾರರು ವಾಪಸ್ ಬಂದು ಸೇರ್ಕೊಂಡಿದಾರೆ, ಗಾಡಿ ನಿಂತಿದೆ, ಬಾಗಿಲಿಗೆ ರಂಗೋಲಿ ಇದೆ' ಅಂತ. ಹರಾಜು ನಿಲ್ಸಿ ಫೈಲನ್ನ ಲೀಗಲ್‌ಗೆ ಕಳ್ಸಿದಾರೆ. ಆ ನಾಗೇಂದ್ರ ಅವರ ಮೇಲೆ ಕಂಪ್ಲೇಂಟ್ ಕೊಡೋಕೆ ಎಲ್ಲ ರೆಡಿ."

"ಅಯ್ಯೋ, ಅವರೆಲ್ಲಿ ಬಂದ್ರು? ಅವರು ಈ ಕಡೆ ತಲೆನೇ ಹಾಕಿಲ್ಲ!"

"ಅದು ನಂಗೆ ಈಗ ಗೊತ್ತಾಯ್ತು. ಮೇಲಿನವರಿಗೆ ಹೆಂಗೆ ಗೊತ್ತಾಗ್ಬೇಕು?"

ಪಾಪಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಗುವಿನ ಜ್ವರ ಒಂದು ಕಡೆ, ಈಗ ಕವನಾಳ ತಲೆಗೆ ಕೇಸು ಇನ್ನೊಂದು ಕಡೆ. ಎರಡಕ್ಕೂ ದಾರಿ ಮಾಡಿದ್ದು ತನ್ನ ಕೈಯ ರಂಗೋಲಿ ಹಿಟ್ಟು. ಕೆಟ್ಟದ್ದು ಮಾಡಿದ್ದರೆ ಇಂಥದ್ದು ಮಾಡಿದೆ ಅಂತಲಾದರೂ ತಿಳಿಯುತ್ತಿತ್ತು.

"ಹೊಸ ಫೋಟೋ ತೆಗ್ದು ಕಳಿಸ್ತೀನಿ, ಎಲ್ಲ ಸರಿಹೋಗುತ್ತೆ," ಅಂದ ಸಂಪತ್, ಸ್ವಲ್ಪ ಮೆತ್ತಗಾಗಿ. "ಗಾಡಿ, ಕುಂಡ ತೆಗೀರಿ. ರಂಗೋಲಿನೂ ಅಳ್ಸಿ. ಅದು ಫೋಟೋದಲ್ಲಿದ್ರೆ ಖಾಲಿ ಮನೆ ಅಂತ ಯಾರೂ ನಂಬಲ್ಲ. ಇನ್ಮೇಲೂ ಹಾಕ್ಬೇಡಿ."

ಸ್ಕೂಟರು ಹೋಯಿತು, ಕುಂಡಗಳು ಹೋದವು. ರಂಗೋಲಿಯ ಹತ್ತಿರ ಪಾಪಮ್ಮ ಪೊರಕೆ ಹಿಡಿದು ನಿಂತಳು, ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ಮಗು ಮಲಗಿರುವಾಗ, ಅದು ಬಂದು ಹೋಗುವ ಮೆಟ್ಟಿಲಿನ ಪಕ್ಕದ ಬಾಗಿಲನ್ನೇ ಬೋಳು ಮಾಡುವುದೆ? ಅತ್ತೆಯ ಮಾತು ಕಿವಿಯಲ್ಲೇ ಇತ್ತು.

"ಏನಾತ್ರಿ ಅಮ್ಮಾರ?"

ಚೇತನಾ ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಬಂದಿದ್ದಳು. ಗದಗದ ಕಡೆಯ ಹುಡುಗಿ. ಗಂಡ ಮನೆಮನೆಗೆ ಊಟ ತಲುಪಿಸುವ ಕೆಲಸದವನು. ನಿದ್ದೆಯಿಲ್ಲದೆ ಕಣ್ಣು ಊದಿದ್ದವು. ಪಾಪಮ್ಮ ತಡವರಿಸುತ್ತ ಎಲ್ಲ ಹೇಳಿದಳು, ಅತ್ತೆಯ ಮಾತನ್ನೂ.

ಚೇತನಾ ನೆಲದ ಮೇಲಿನ ತಾವರೆ ನೋಡಿದಳು. "ನಮ್ಮ ಕಡೇನೂ ಹಂಗ ಅಂತಾರ್ರಿ. ನನಗೂ ಎದಿ ಧಸಕ್ಕಂತೈತಿ. ಆದ್ರ ಸೊಳ್ಳಿಗೆ ಏನ್ ಗೊತ್ತೈತ್ರಿ, ರಂಗೋಲಿ ಐತೋ ಇಲ್ಲೋ ಅಂತ?" ಅಂದವಳೇ ಸಂಪತ್‌ನ ಕಡೆ ತಿರುಗಿದಳು. "ಸಾರ್, ನನ್ನ ಮಗಳು ಈಗ ಸ್ವಲ್ಪ ಆರಾಮ ಅದಾಳ. ನಾಡಿದ್ದು ಮನಿಗೆ ಕಳಸ್ತೀವಿ ಅಂದಾರ. ಇನ್ನೊಮ್ಮೆ ಡೆಂಗಿ ಬಂದ್ರ ಮೊದಲಿನಕಿಂತ ಭಾಳ ತ್ರಾಸ ಆಗತೈತಿ ಅಂತ ಡಾಕ್ಟರ್ ಹೇಳ್ಯಾರ. ಈ ಸಂಪಿನ ಬಾಜೂಕ ನಾ ಹೆಂಗ ಕರ್ಕೊಂಡ್ ಬರ್ಲಿ?"

ಪಾಪಮ್ಮ ಬಗ್ಗಿದಳು. ಪೊರಕೆ ಪಕ್ಕಕ್ಕಿಟ್ಟು, ಒದ್ದೆ ಬಟ್ಟೆಯಿಂದ ತಾವರೆಯ ದಳ ಒಂದೊಂದೇ ಒರೆಸಿದಳು. ಸಂಪತ್ ಫೋಟೋ ತೆಗೆದ.

"ಇನ್ನು ಗೇಟ್ ತೆಗೀರಿ," ಅಂದಳು ಆಶಾ ಕಾರ್ಯಕರ್ತೆ. ಸೊಳ್ಳೆಮರಿ ತಿನ್ನುವ ಮೀನುಗಳನ್ನು ಅವಳು ಆರೋಗ್ಯ ಕೇಂದ್ರದಿಂದ ಕವರಿನಲ್ಲಿ ತಂದು, ಅಷ್ಟು ಹೊತ್ತೂ ಎತ್ತಿ ಹಿಡಿದೇ ನಿಂತಿದ್ದಳು.

"ಸೀಲ್ ಒಡೆಯೋ ಅಧಿಕಾರ ನಂಗಿಲ್ಲಮ್ಮ. ಲೆಟರ್ ಹಾಕ್ತೀನಿ. ಅಪ್ರೂವಲ್ ಬರೋಕೆ ಒಂದು ವಾರ, ಹತ್ತು ದಿನ..."

"ಅಷ್ಟರಲ್ಲಿ ಈ ಸೊಳ್ಳೆಗಳಿಗೆ ಮೊಮ್ಮಕ್ಕಳಾಗಿರ್ತವೆ," ಅಂದ ಮುನಿರಾಜು.

ಚೇತನಾ ಕಾಂಪೌಂಡಿನ ಹತ್ತಿರ ಹೋಗಿ ಆಚೆ ಇಣುಕಿದಳು. "ಸಾರ್, ಸೀಲ್ ಮುಟ್ಟಬಾರ್ದು. ಒಳಗ ಕಾಲಿಡಬಾರ್ದು. ಹೌದಲ್ರಿ?"

"ಹೌದು."

"ಇಲ್ಲಿಂದ ಪೈಪ್ ಇಟ್ಟು ನೀರು ಹಾಕಿದ್ರ?"

ನೀರು ಹಾಕಬಾರದು ಅಂತ ಸಂಪತ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೋಹನ್ ಕುಮಾರ್ ಕಡೆ ನೋಡಿದ. ಅವರೂ ಆಕಾಶ ನೋಡಿ, "ನೀರಿನ ಬಗ್ಗೆ... ಹ್ಞೂಂ... ನಿಯಮದಲ್ಲಿ ಇದ್ದಂಗಿಲ್ಲ," ಅಂದರು.

"ನಂಗೊಂದು ಫೋನ್ ಬರ್ತಾ ಇದೆ," ಅಂದ ಸಂಪತ್. ಫೋನು ಸದ್ದೇ ಮಾಡಿರಲಿಲ್ಲ. ಅದನ್ನು ಕಿವಿಗಿಟ್ಟುಕೊಂಡು ಬೆನ್ನು ತಿರುಗಿಸಿ ರಸ್ತೆಯ ಕೊನೆಯವರೆಗೂ ನಡೆದ.

ತಾರಸಿಯ ಮೇಲೆ ಬಿದ್ದಿದ್ದ ಉದ್ದನೆಯ ಪಿವಿಸಿ ಪೈಪು ಬಂತು. ಮೆಟ್ಟಿಲ ತಿರುವಿನಿಂದ ಓರೆಯಾಗಿ ಅದರ ತುದಿಯನ್ನು ಸಂಪಿನ ಬಾಯಿಗೆ ಇಟ್ಟರು. ಮೋಹನ್ ಕುಮಾರ್ ನಡುವೆ ಹಿಡಿದರು, ಚೇತನಾ ಮೇಲೆ ಕೊಡಪಾನ ಹಿಡಿದಳು. ಮುನಿರಾಜು ಕೆಳಗೆ ಕುರ್ಚಿಯಲ್ಲಿ ಕೂತೇ "ಎಡಕ್ಕೆ, ಇನ್ನೂ ಎಡಕ್ಕೆ" ಅಂತ ಊರಿಗೆಲ್ಲ ಕೇಳಿಸುವಂತೆ ಕೂಗಿದ. ಮೊದಲು ನೀರು, ಆಮೇಲೆ ಮೀನು, ಮತ್ತೆ ನೀರು. ನಡುವೆ ಎಲ್ಲೋ ಸಿಕ್ಕಿಕೊಂಡವು ಎಂದು ಪಾಪಮ್ಮ ಪೈಪಿಗೆ ಕಿವಿಯಿಟ್ಟಳು. ಏನು ಕೇಳಿಸಬೇಕಿತ್ತೋ ಅವಳಿಗೇ ಗೊತ್ತಿಲ್ಲ. ಇನ್ನೊಂದು ಕೊಡ ನೀರು ಬಿಟ್ಟರು. ಆಶಾ ಕಾರ್ಯಕರ್ತೆ ಬಗ್ಗಿ ನೋಡಿ, "ಹೋದವು, ಹೋದವು! ಓಡಾಡ್ತಾ ಇದಾವೆ!" ಅಂದಳು. ಸಂಪಿನ ಬಾಯಿಗೆ ಮೇಲಿಂದಲೇ ಒಂದು ಹಳೆ ಸೊಳ್ಳೆಪರದೆಯನ್ನು ನಾಲ್ಕು ಮೂಲೆಗೂ ಕಲ್ಲು ಕಟ್ಟಿ ಇಳಿಬಿಟ್ಟರು. ಅದು ಸರಿಯಾಗಿ ಕೂತಿತು ಎನ್ನಲಾಗದು, ಕೂರಲಿಲ್ಲ ಎನ್ನಲೂ ಆಗದು.

ಬೋಳಾದ ಬಾಗಿಲಿಗೆ ಮರುದಿನವೇ ಒಂದು ಕಸದ ಕವರ್ ಬಿತ್ತು. ಮೋಹನ್ ಕುಮಾರ್ ಗುಂಪಿನಲ್ಲಿ ಸರದಿ ಹಾಕಿದರು: ದಿನಕ್ಕೊಂದು ಮನೆಯವರು ಅಲ್ಲಿ ಗುಡಿಸಬೇಕು, ಕವರ್ ಬಿದ್ದರೆ ಆ ಗಳಿಗೆಯೇ ಎತ್ತಬೇಕು, ರಂಗೋಲಿ ಮಾತ್ರ ಯಾರೂ ಹಾಕಕೂಡದು. ರಟ್ಟಿನ ಮೇಲೆ ಬರೆದು ಗೇಟಿನ ಪಕ್ಕ ಒಂದು ಬೋರ್ಡನ್ನೂ ನಿಲ್ಲಿಸಿದರು: 'ಈ ಮನೆಯಲ್ಲಿ ಯಾರೂ ಇಲ್ಲ. ಆದರೆ ನೋಡಿಕೊಳ್ಳುವವರು ಇದ್ದಾರೆ.'

"ಇದನ್ನ ಓದಿದ್ರೆ ಕಳ್ಳನಿಗೂ ತಲೆ ಕೆಡುತ್ತೆ," ಅಂದ ಮುನಿರಾಜು.

ಅದರ ಮಾರನೆಯ ದಿನ ಇಂಚರ ಮನೆಗೆ ಬಂದಳು. ಆಟೊದಿಂದ ಶಿವಯೋಗಿ ಎತ್ತಿಕೊಂಡು ಇಳಿಸಿದ. ಮಗು ಬಡಕಲಾಗಿ, ಮುಖದ ತುಂಬ ಕಣ್ಣೇ ಇದ್ದಂತೆ ಕಾಣುತ್ತಿತ್ತು. ಪಾಪಮ್ಮ ಬಾಗಿಲಲ್ಲೇ ತಡೆದಳು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡಿಟ್ಟಿದ್ದ ತಟ್ಟೆಯನ್ನು ಮಗುವಿನ ಮುಖದ ಮುಂದೆ ಇಳಿತೆಗೆದಳು. ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು. "ಸೊಳ್ಳೆ ಕಣ್ಣು," ಅಂತ ಮಗು ಸೇರಿಸಿತು. ಎಲ್ಲರೂ ನಕ್ಕರು. ಚೇತನಾ ನಗುತ್ತಲೇ ಕಣ್ಣೊರೆಸಿಕೊಂಡಳು. ಮಗುವನ್ನು ಮೇಲಕ್ಕೆ ಕರೆದುಕೊಂಡು ಹೋದರು.

ದೃಷ್ಟಿ ತೆಗೆದ ನೀರನ್ನು ಯಾರೂ ತುಳಿಯದ ಜಾಗದಲ್ಲಿ ಚೆಲ್ಲಬೇಕು. ಪಾಪಮ್ಮ ತಟ್ಟೆ ಹಿಡಿದು ರಸ್ತೆಗಿಳಿದಳು. ಎಡಕ್ಕೂ ಬಲಕ್ಕೂ ನೋಡಿದಳು. ಬೈಕು, ಆಟೊ, ಶಾಲೆ ಬಿಟ್ಟು ಬರುವ ಮಕ್ಕಳು, ಕೊರಿಯರ್ ಹುಡುಗರು. ರಸ್ತೆಯಲ್ಲಿ ಯಾರ ಕಾಲೂ ಬೀಳದ ಜಾಗ ಅಂದರೆ ಇದ್ದದ್ದು ಒಂದೇ, ಆ ಗೇಟಿನ ಮುಂದೆ. ಕಾಲು ಅತ್ತ ಹೋದವು. ತಟ್ಟೆ ಓರೆ ಮಾಡಿದಳು. ಕೈ ಅಲ್ಲೇ ನಿಂತಿತು.

ಮನೆ ಅಲ್ಲದಿದ್ದರೆ ಚೆಲ್ಲಬಹುದು. ಮನೆಯಾಗಿದ್ದರೆ ಇನ್ನೊಬ್ಬರ ಹೊಸ್ತಿಲಿಗೆ ದೃಷ್ಟಿನೀರು ಚೆಲ್ಲಿದಂತಾಯಿತು. ಕವನಾಳದೋ, ನಾಳೆ ಕೊಂಡುಕೊಂಡು ಬರುವ ಇನ್ಯಾರದೋ. ಅವರಿಗೂ ಮಕ್ಕಳಿರಬಹುದು.

"ಲೇ, ಏನ್ ನಿಂತ್ಬಿಟ್ಟೆ? ಚೆಲ್ಲು ಬೇಗ!" ಜಗುಲಿಯಿಂದ ಮುನಿರಾಜು ಕೂಗಿದ.

"ಎಲ್ಲಿ ಚೆಲ್ಲಲಿ?"

"ಅಲ್ಲೇ ಕಣೇ, ಎದುರಿಗೇ ಇದೆಯಲ್ಲ!"

ಪಾಪಮ್ಮ ತಟ್ಟೆಯನ್ನು ಮತ್ತೆ ನೇರ ಹಿಡಿದಳು. ನೀರು ತುಳುಕಿ ಹೆಬ್ಬೆರಳು ಕೆಂಪಾಯಿತು. ಗುಡಿಸುವ ಸರದಿ ಅವತ್ತು ಯಾರದೋ, ಗೇಟಿನ ಮುಂದಿನ ಜಾಗ ಸ್ವಚ್ಛವಾಗಿತ್ತು. ಅವಳು ಆ ಗೇಟನ್ನು ದಾಟಿದಳು, ಮುಂದಿನ ಮನೆಯನ್ನೂ ದಾಟಿದಳು. ಎದುರು ಬಂದ ತರಕಾರಿ ಗಾಡಿಯವನು ದಾರಿ ಬಿಟ್ಟು ನಿಂತು, "ಎಲ್ಲಿಗಮ್ಮ ತಟ್ಟೆ ಹಿಡ್ಕೊಂಡು?" ಅಂದ. ಅವಳು ತಲೆಯಾಡಿಸಿದಳು, ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ತುಳುಕದಂತೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಯಾರ ಹೊಸ್ತಿಲೂ ಅಲ್ಲದ, ರಸ್ತೆ ಕೂಡುವ ಮೂಲೆಯ ಕಡೆ ನಿಧಾನಕ್ಕೆ ಹೆಜ್ಜೆ ಹಾಕಿದಳು.